ಕಿವಿ ಪರೀಕ್ಷೆಯ ಕೋಣೆಯಲ್ಲಿ ಆರು ಜನ

ಜನವರಿ 8

ಪ್ರೀತಿಯ ಅತ್ತೆಗೆ,

ಕೆಲಸ ಸಿಕ್ಕಿತು. ಮೇಜು, ಕುರ್ಚಿ, ಬೀಗ ಕೆಟ್ಟ ಬೀರು, ಬಾಗಿಲ ಮೇಲೆ ಹುದ್ದೆಯ ಫಲಕ, ಎಲ್ಲ ಸಿಕ್ಕಿದೆ. ಬೆಳಿಗ್ಗೆಯಿಂದ ಮೂರು ಸಲ ಹೊರಗೆ ಹೋಗಿ ಆ ಫಲಕ ಓದಿಕೊಂಡು ಒಳಗೆ ಬಂದಿದ್ದೇನೆ. ನಗಬೇಡಿ.

ನನ್ನ ಕೆಲಸ ಏನೆಂದರೆ ಜನರನ್ನು ಒಂದು ಕಡೆ ಕೂರಿಸುವುದು. ವಯಸ್ಸಿನಿಂದಲೋ ಕಾಯಿಲೆಯಿಂದಲೋ ತಮ್ಮನ್ನು ತಾವು ಕಾಪಾಡಿಕೊಳ್ಳುವುದು ಕಷ್ಟವಾದ ದೊಡ್ಡವರು ಊರಲ್ಲಿ ಎಷ್ಟೋ ಮಂದಿ ಇದ್ದಾರೆ. ಅಂಥವರನ್ನು ಯಾರಾದರೂ ಹೆದರಿಸಿದರೆ, ಕೂಡಿಹಾಕಿದರೆ, ಅದು ಇಡಿಯಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಪೊಲೀಸರಿಗೆ ಒಂದು ಚೂರು ಗೊತ್ತು, ಆಸ್ಪತ್ರೆಗೆ ಒಂದು ಚೂರು, ವಸತಿ ಕಚೇರಿಗೆ ಇನ್ನೊಂದು ಚೂರು. ಎಲ್ಲರೂ ತಮ್ಮ ಚೂರನ್ನು ತಮ್ಮ ಡ್ರಾಯರಿನಲ್ಲಿಟ್ಟು ಬೀಗ ಹಾಕಿರುತ್ತಾರೆ. ಇನ್ನು ಮೇಲೆ ಪ್ರತಿ ಮಂಗಳವಾರ ಹತ್ತು ಗಂಟೆಗೆ ಅವರು ನನ್ನ ಮೇಜಿಗೆ ಬಂದು ಅದನ್ನು ಹೊರಗೆ ತೆಗೆಯಬೇಕು.

ಒಂದು ನಿಯಮ ಮಾಡಿದ್ದೇನೆ. ಮೊದಲ ಸುತ್ತಿನಲ್ಲಿ ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳಬೇಕು. ಅನ್ನಿಸಿದ್ದೆಲ್ಲ ಎರಡನೆಯ ಸುತ್ತಿಗೆ. ಮೊದಲ ಮಂಗಳವಾರ ಆಗಿಹೋಯಿತು, ಇನ್ಸ್‌ಪೆಕ್ಟರ್ ಸಾಹೇಬರಿಗೆ ಇದು ಬಲು ಕಷ್ಟ. ಬಾಯಿ ತೆರೆದರೆ ಅವರಿಗೆ ಅನ್ನಿಸಿದ್ದೇ ಮೊದಲು ಬರುತ್ತದೆ. ಹಿರಿಯ ನರ್ಸ್ ಪೆನ್ನಿನಿಂದ ಮೇಜು ಕುಟ್ಟಿ, "ಸಾರ್, ಕಂಡಿದ್ದು ಹೇಳಿ, ಕಂಡಿದ್ದು," ಅಂತಾರೆ. ಅವರು ಮಗ್ಗಿ ಮರೆತ ಹುಡುಗನ ಹಾಗೆ ಕಿಟಕಿ ನೋಡುತ್ತಾರೆ.

ನೀವು ಹೇಗಿದ್ದೀರಿ? ಕಿವಿ ಹೇಗಿದೆ? ಅರ್ಜೆಂಟಿನಲ್ಲಿ ಬರೆಯುತ್ತಿದ್ದೇನೆ, ಮೀಟಿಂಗ್ ಇದೆ.

ನಿಮ್ಮ ಚೂಟಿ


ಜನವರಿ 21

ಚೂಟಿ,

ನಿನ್ನ ಕಾಗದ ಎರಡು ಸಲ ಓದಿದೆ. ಮೂರನೆಯ ಸಲ ಕನ್ನಡಿ ಮುಂದೆ ನಿಂತು ಜೋರಾಗಿ ಓದಿದೆ. ನನಗೆ ಕೇಳಿಸಲಿಲ್ಲ, ಆದರೆ ಬಾಯಿ ಅಲ್ಲಾಡಿದ್ದು ಚೆನ್ನಾಗಿತ್ತು. ನಾನೂ ನಿಮ್ಮಪ್ಪನೂ ಹುಟ್ಟಿದ ಮನೆತನದಲ್ಲಿ ಬಾಗಿಲ ಮೇಲೆ ಫಲಕ ಹಾಕಿಸಿಕೊಂಡವಳು ನೀನೇ ಮೊದಲು ಕಣೇ.

ಕಿವಿ ಹೇಗಿರುತ್ತೆ? ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತೊಂದು ವರ್ಷ ಊರವರ ಮಾತೆಲ್ಲ ತುಂಬಿಸಿಕೊಂಡಿತು, ಈಗ ಸಾಕು ಅಂತ ಮಲಗಿದೆ. ಮೆಷಿನ್ ಹಾಕಿಕೊಂಡರೆ ಬಲಗಿವಿಯಲ್ಲಿ ಸ್ವಲ್ಪ ಕೇಳಿಸುತ್ತೆ. ಮೊಬೈಲಿನಲ್ಲಿ ಟೈಪ್ ಮಾಡು ಅಂತ ಮತ್ತೆ ಹೇಳಬೇಡ, ನನ್ನ ಬೆರಳು ಒಂದು ಸಲಕ್ಕೆ ನಾಲ್ಕು ಅಕ್ಷರ ಒತ್ತುತ್ತೆ.

ನನ್ನ ಕಡೆಯೂ ಒಂದು ಸುದ್ದಿ ಇದೆ. ಮನೆಗೆ ಒಬ್ಬಳು ಬಂದಿದ್ದಾಳೆ. ನಲವತ್ತರ ಹತ್ತಿರದವಳು, ಕೆಳಗಿನ ಅಂಗಡಿಯಲ್ಲಿ ಪರಿಚಯ. ಬೇರೆ ಮನೆ ಸಿಗುವ ತನಕ ಸಣ್ಣ ಕೋಣೆಯಲ್ಲಿರಲಿ ಅಂದೆ. ಯಾವಾಗಲೂ ಹಲ್ಲು ಬಿಟ್ಟುಕೊಂಡೇ ಇರುತ್ತಾಳೆ, ಅದಕ್ಕೆ ನಗುಮುಖ ಅಂತ ಹೆಸರಿಟ್ಟಿದ್ದೇನೆ. ಬಂದ ದಿನವೇ ಎದುರು ಕೂತು, ಬಾಯಿ ದೊಡ್ಡದಾಗಿ ತೆರೆದು, "ಅಮ್ಮ, ಕಾಫಿ ಆಯ್ತಾ?" ಅಂದಳು. ನನಗೆ ಸ್ಪಷ್ಟವಾಗಿ ಕೇಳಿಸಿತು. ಮೂರನೇ ಮಹಡಿಯ ಈ ಮನೆಯಲ್ಲಿ ಮೂರು ಕೋಣೆ ನಾನೊಬ್ಬಳೇ ಗುಡಿಸಿ ಗುಡಿಸಿ ಸಾಕಾಗಿತ್ತು. ಈಗ ಮನೆ ಮನೆಯಾಗಿದೆ.

ಇನ್ಸ್‌ಪೆಕ್ಟರ್ ಸಾಹೇಬರನ್ನು ಜಾಸ್ತಿ ಗೋಳುಹೊಯ್ದುಕೊಳ್ಳಬೇಡ.

ನಿನ್ನ ಅತ್ತೆ


ಫೆಬ್ರವರಿ 12

ಪ್ರೀತಿಯ ಅತ್ತೆಗೆ,

ಗೆದ್ದೆವು. ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ.

ಮೊನ್ನೆ ಮಂಗಳವಾರ ಗ್ರಂಥಾಲಯದವರು ಸುಮ್ಮನೆ ಒಂದು ಮಾತು ಹೇಳಿದರು: ವಾರಕ್ಕೆರಡು ಪುಸ್ತಕ ಒಯ್ಯುತ್ತಿದ್ದ ಒಬ್ಬ ಗಡಿಯಾರ ರಿಪೇರಿಯವರು ಎರಡು ತಿಂಗಳಿಂದ ಬಂದಿಲ್ಲ. ನರ್ಸ್ ತಲೆ ಎತ್ತಿದರು. ಆ ಮನುಷ್ಯ ಸಕ್ಕರೆ ಕಾಯಿಲೆಯ ತಪಾಸಣೆಗೂ ಬಂದಿಲ್ಲ. ಅಗ್ನಿಶಾಮಕ ಠಾಣೆಯವರು, "ಆ ಮನೆನಾ? ಹೊಗೆ ಸೈರನ್ ನೋಡೋಕೆ ಹೋದ್ರೆ ಸಂಬಂಧಿಕ ಅಂತ ಒಬ್ಬ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ," ಅಂದರು. ಇನ್ಸ್‌ಪೆಕ್ಟರ್ ಸಾಹೇಬರು ಮೊದಲ ಬಾರಿಗೆ ಕಂಡದ್ದನ್ನೇ ಹೇಳಿದರು: ಅದೇ ಸಂಬಂಧಿಕನ ಮೇಲೆ ಪಕ್ಕದ ಬೀದಿಯಲ್ಲಿ ಹಳೆಯ ದೂರೊಂದಿದೆ. ನಾಲ್ಕು ಚೂರು, ನಾಲ್ಕು ನಿಮಿಷ. ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಹೋದೆವು. ರಿಪೇರಿಯವರು ಒಳಕೋಣೆಯಲ್ಲಿದ್ದರು, ಚಿಲಕ ಹೊರಗಿನಿಂದ ಹಾಕಿತ್ತು.

ಈಗ ಅವರು ಒಂದು ಒಳ್ಳೆಯ ಆರೈಕೆ ಮನೆಯಲ್ಲಿದ್ದಾರೆ. ನನಗೆ ಊರಿಗೆಲ್ಲ ಕೂಗಿ ಹೇಳಬೇಕು ಅನ್ನಿಸುತ್ತಿದೆ.

ನಿಮಗೆ ಜೊತೆ ಸಿಕ್ಕಿದ್ದು ಕೇಳಿ ಸಂತೋಷ. ನಗುಮುಖ ಅವರಿಗೆ ನನ್ನ ನಮಸ್ಕಾರ ತಿಳಿಸಿ.

ಚೂಟಿ


ಮಾರ್ಚ್ 3

ಚೂಟಿ,

ಶಹಬ್ಬಾಸ್. ನಿನ್ನ ಕಾಗದ ಓದುವಾಗ ನನ್ನ ಕಾಲೇ ಕುಣಿಯುತ್ತಿತ್ತು. ಆದರೆ ಒಂದು ಮಾತು ಸಿಗಲಿಲ್ಲ, ಹಾಳೆ ತಿರುಗಿಸಿ ಹುಡುಕಿದೆ. ಆ ಗಡಿಯಾರದವನು ಆರೈಕೆ ಮನೆಗೆ ಹೋಗ್ತೀನಿ ಅಂದನಾ? ನೀವು ಕೇಳಿದಿರಾ? ತಪ್ಪು ತಿಳಿಯಬೇಡ, ಸುಮ್ಮನೆ ಕೇಳಿದೆ.

ಇಲ್ಲಿ ನಾವು ಕೋಣೆ ಬದಲಾಯಿಸಿಕೊಂಡಿದ್ದೇವೆ. ನಗುಮುಖಳ ಸಾಮಾನು ಜಾಸ್ತಿ, ಸಣ್ಣ ಕೋಣೆ ಸಾಲದು. ಅದಕ್ಕೆ ಅವಳು ನನ್ನ ಮಲಗುವ ಕೋಣೆಗೆ ಬಂದಳು, ನಾನು ಸಣ್ಣ ಕೋಣೆಗೆ. ಗುಡಿಸುವ ಕೆಲಸವೂ ಕಡಿಮೆ. ಅವಳೇ ಅಡುಗೆ, ಅವಳೇ ಮಾತ್ರೆ ಎಣಿಸಿ ಕೊಡುವುದು. ಪೋಸ್ಟೂ ಅವಳೇ ತರುತ್ತಾಳೆ, ನನಗೆ ಮೂರು ಮಹಡಿ ಇಳಿದು ಹತ್ತುವುದು ತಪ್ಪಿತು. ರಾಣಿ ಥರ ಕೂತಿದ್ದೇನೆ ನೋಡು.

ಅತ್ತೆ


ಮಾರ್ಚ್ 15

ಪ್ರೀತಿಯ ಅತ್ತೆಗೆ,

ನಿಮ್ಮ ಪ್ರಶ್ನೆ ಓದಿ ಕೆನ್ನೆಗೆ ಹೊಡೆದ ಹಾಗಾಯಿತು. ಕೇಳಿರಲಿಲ್ಲ. ಐದು ಇಲಾಖೆಯವರು ಕೂತು ಎಲ್ಲ ಮಾತಾಡಿದ್ದೆವು, ಆ ಮನುಷ್ಯನ ಹತ್ತಿರ ಒಂದು ಮಾತು ಆಡಿರಲಿಲ್ಲ. ಮರುದಿನವೇ ಓಡಿದೆ. ಅವರು ನನ್ನನ್ನೇ ನೋಡಿ, "ಇಷ್ಟು ದಿನ ಅವನು ಹೇಳ್ದಲ್ಲಿ ಕೂತಿದ್ದೆ, ಈಗ ನೀವು ಹೇಳ್ದಲ್ಲಿ ಕೂತಿದೀನಿ," ಅಂದರು. ಅವರಿಗೆ ಬೇಕಾದದ್ದು ತಮ್ಮ ಮನೆ, ತಮ್ಮ ಉಪಕರಣ, ಹೊಸದೊಂದು ಬೀಗ. ಶುಕ್ರವಾರ ಮನೆಗೆ ಕರೆದುಕೊಂಡು ಹೋದೆವು. ಬೀಗ ಹಾಕಿದ್ದು ಅಗ್ನಿಶಾಮಕ ಠಾಣೆಯವರು, ಸಂಭ್ರಮಪಟ್ಟವಳು ನಾನು.

ಈಗ ಮೊದಲ ಸುತ್ತಿಗೂ ಮುಂಚೆ ಒಂದು ಪ್ರಶ್ನೆ ಇದೆ: "ಅವರಿಗೆ ಏನು ಬೇಕು, ಕೇಳಿದವರು ಯಾರು?" ಅದು ನಿಮ್ಮದು ಅಂತ ಎಲ್ಲರಿಗೂ ಹೇಳಿದ್ದೇನೆ.

ಕೋಣೆ ಬದಲಾಯಿಸಿದ್ದು ಒಳ್ಳೆಯದಾಯಿತು. ವಯಸ್ಸಾದ ಮೇಲೆ ಸಣ್ಣ ಕೋಣೆಯೇ ಬೆಚ್ಚಗೆ.

ಚೂಟಿ


ಏಪ್ರಿಲ್ 9

ಚೂಟಿ,

ಕಾಗದ ಚಿಕ್ಕದು, ಬೇಜಾರು ಮಾಡಿಕೊಳ್ಳಬೇಡ. ಈಚೆಗೆ ನಿದ್ದೆ ಜಾಸ್ತಿ. ಹಗಲು ಹನ್ನೊಂದಕ್ಕೆಲ್ಲ ಕಣ್ಣು ಎಳೆಯುತ್ತೆ. ನಗುಮುಖಳ ಅಣ್ಣನ ಪೆಟ್ಟಿಗೆಗಳು ಬಂದಿವೆ, ಮುಂದಿನ ಕೋಣೆ ಪೂರ್ತಿ ಅವೇ. ಸಣ್ಣ ಕೋಣೆಯೂ ಬೇಕಾಯಿತು, ಹಾಗಾಗಿ ಅಡುಗೆಮನೆ ಪಕ್ಕದ ಸಾಮಾನು ಕೋಣೆಯಲ್ಲಿ ಮಂಚ ಹಾಕಿದ್ದಾರೆ. ಮಂಚ ಸರಿಯಾಗಿ ಹಿಡಿಸಿತು, ಅಳತೆ ಮಾಡಿ ಕಟ್ಟಿದ ಹಾಗಿದೆ. ಗ್ರಂಥಾಲಯಕ್ಕೆ ಹೋಗುವುದು ನಿಂತಿತು, ಮೆಟ್ಟಿಲು ಇಳಿದು ಹತ್ತುವುದು ಯಾಕೆ ಅಂತ ನಗುಮುಖ ಅಂದಳು. ಕಿವಿ ಮೆಷಿನ್ನಿನ ಬ್ಯಾಟರಿ ಎಲ್ಲೋ ಬಿದ್ದಿದೆ. ಮೇ 14ಕ್ಕೆ ಕಿವಿ ಪರೀಕ್ಷೆ ಇದೆ, ಆಗ ಕೇಳಬೇಕು.

ನೀನು ಚೆನ್ನಾಗಿ ಕೆಲಸ ಮಾಡು.

ಅತ್ತೆ


ಏಪ್ರಿಲ್ 17

ಅತ್ತೆ,

ನಿಮ್ಮ ಮೂರೂ ಕಾಗದ ಮೇಜಿನ ಮೇಲೆ ಸಾಲಾಗಿ ಇಟ್ಟುಕೊಂಡು ಕೂತಿದ್ದೇನೆ. ಊರವರ ಚೂರು ಜೋಡಿಸುವ ನಾನು ನಮ್ಮತ್ತೆಯ ಚೂರು ಮೂರು ತಿಂಗಳು ಚೀಲದಲ್ಲಿ ಇಟ್ಟುಕೊಂಡು ಓಡಾಡಿದ್ದೇನೆ. ಮಲಗುವ ಕೋಣೆ, ಸಣ್ಣ ಕೋಣೆ, ಸಾಮಾನು ಕೋಣೆ. ಮುಂದೆ ಎಲ್ಲಿಗೆ ಅತ್ತೆ, ಮೆಟ್ಟಿಲಿಗಾ?

ಈಗಷ್ಟೇ ನಿಮ್ಮೂರಿನ ಪೊಲೀಸರಿಗೆ ಫೋನ್ ಮಾಡಿ ಎಲ್ಲ ಹೇಳಿದ್ದೇನೆ. ಅವರು ಮನೆಗೆ ಬರುತ್ತಾರೆ. ಆ ಹೆಂಗಸು ಹೋಗಲೇಬೇಕು. ನೀವು ಇಲ್ಲಿಗೆ ಬಂದುಬಿಡಿ, ನಾನು ಎಲ್ಲ ತೀರ್ಮಾನಿಸಿದ್ದೇನೆ. ಹೆದರಬೇಡಿ.

ಚೂಟಿ


ಏಪ್ರಿಲ್ 29

ಪ್ರೀತಿಯ ಸೊಸೆಗೆ,

ನಾನು ಕ್ಷೇಮ. ನಿಮ್ಮ ಪತ್ರ ತಲುಪಿತು. ಪೊಲೀಸರು ಬಂದು ಹೋದರು. ನೆರೆಹೊರೆಯವರ ಮುಂದೆ ನನಗೆ ತುಂಬಾ ಅವಮಾನವಾಯಿತು. ನನ್ನನ್ನು ತಾಯಿಯಂತೆ ನೋಡಿಕೊಳ್ಳುವವರ ಬಗ್ಗೆ ಹೀಗೆಲ್ಲ ಹೇಳಬೇಡಿ. ನನಗೆ ಈಗ ಮರೆವು ಜಾಸ್ತಿ, ಹಿಂದೆ ಏನೇನೋ ಬರೆದಿರಬಹುದು. ಇನ್ನು ಮುಂದೆ ದಯವಿಟ್ಟು ಪತ್ರ ಬರೆಯಬೇಡಿ.

ಇಂತಿ ನಿಮ್ಮ ಅತ್ತೆ


ಮೇ 6
(ಕಿವಿ ಚಿಕಿತ್ಸಾಲಯದ ವಿಳಾಸಕ್ಕೆ. ಪರೀಕ್ಷೆಯ ಕೋಣೆಯಲ್ಲಿ, ಅವರ ಕೈಗೆ ಮಾತ್ರ ಕೊಡುವುದು.)

ಅತ್ತೆ,

ಹುಟ್ಟಿದಾಗಿನಿಂದ ನನ್ನನ್ನು ಒಂದು ಸಲವೂ ನೀವು "ನೀವು" ಅಂದವರಲ್ಲ. ಆ ಕಾಗದ ನಿಮ್ಮದಲ್ಲ ಅಂತ ಎರಡನೆಯ ಸಾಲಿಗೇ ಗೊತ್ತಾಯಿತು. ನನ್ನ ಕಾಗದವನ್ನು ಮೊದಲು ಯಾರು ಓದಿದರು ಅಂತಲೂ ಗೊತ್ತಾಯಿತು. ಪೋಸ್ಟ್ ಅವಳೇ ತರುತ್ತಾಳೆ ಅಂತ ನೀವು ಮಾರ್ಚಿನಲ್ಲೇ ಬರೆದಿದ್ದಿರಿ. ನಿಮ್ಮ ಪ್ರಶ್ನೆಯನ್ನು ಊರಿಗೆಲ್ಲ ಹಂಚಿದವಳು ನಿಮ್ಮನ್ನೇ ಅದನ್ನು ಕೇಳಲಿಲ್ಲ. ತಪ್ಪಾಯಿತು.

ಈ ವಾರ ಪೂರ್ತಿ ಫೋನಿನಲ್ಲಿದ್ದೆ. ಕೇಳಿ. ಗ್ರಂಥಾಲಯದಾಕೆ: ನಿಮ್ಮ ಪುಸ್ತಕಗಳನ್ನೆಲ್ಲ ಬೇರೊಬ್ಬ ಹೆಂಗಸು ತಂದು ಒಪ್ಪಿಸಿ ಕಾರ್ಡ್ ರದ್ದು ಮಾಡಿಸಿದಳು. ನಿಮ್ಮ ಆಸ್ಪತ್ರೆಯ ನರ್ಸ್: ನಿಮ್ಮ ನಿದ್ದೆ ಮಾತ್ರೆ ತಿಂಗಳಿಗೆ ಎರಡು ಸಲ ಹೋಗಿದೆ. ವಸತಿ ಕಚೇರಿಯ ಗುಮಾಸ್ತರು: ಮನೆಗೆ ಇನ್ನೊಬ್ಬರ ಹೆಸರು ಸೇರಿಸಲು ನಿಮ್ಮ ಸಹಿಯ ಅರ್ಜಿ ಬಂದಿದೆ, ಸಹಿ ನಡುಗಿದೆ. ಠಾಣೆಯ ಪೊಲೀಸಮ್ಮ: ಬಾಗಿಲು ತೆಗೆದವರು ನಗುತ್ತಾ, ಅಮ್ಮನಿಗೆ ಬುದ್ಧಿ ಸ್ಥಿಮಿತವಿಲ್ಲ ಅಂದರು. ಎಲ್ಲರ ಹತ್ತಿರವೂ ಒಂದೊಂದು ಇತ್ತು. ಅವರ ಕಚೇರಿಗಳೆಲ್ಲ ಒಂದೇ ಬೀದಿಯಲ್ಲಿವೆ, ಒಬ್ಬರ ಮುಖ ಒಬ್ಬರು ನೋಡಿಲ್ಲ. ಕಿವಿ ಪರೀಕ್ಷೆ ಮಾಡುವಾಕೆ ಮಾತ್ರ ಹೇಳಿದ್ದು: "ನಮ್ಮ ಕೋಣೆಗೆ ದಪ್ಪ ಬಾಗಿಲು. ಒಳಗೆ ಆಡಿದ್ದು ಹೊರಗೆ ಕೇಳ್ಸಲ್ಲ. ಜೊತೆಗೆ ಬಂದೋರು ಆಚೆ ಕೂರ್ಬೇಕು, ಅದು ನಿಯಮ."

ಹಾಗಾಗಿ ಈ ಕಾಗದ. ನಾನು ಏನನ್ನೂ ತೀರ್ಮಾನಿಸಿಲ್ಲ. ನಿಮಗೆ ಏನು ಬೇಕು?

ಚೂಟಿ


ಮೇ 14

ಚೂಟಿ,

ಪೆನ್ಸಿಲ್ ಕಿವಿ ಪರೀಕ್ಷೆ ಮಾಡುವವಳದು, ಕಾಗದ ನನ್ನ ಕಿವಿಯ ಚಾರ್ಟಿನ ಹಿಂಬದಿ, ಸಮಯ ಇಪ್ಪತ್ತೈದು ನಿಮಿಷ. ಮೊದಲು ಬೈದು ಮುಗಿಸುತ್ತೇನೆ. ನಿನ್ನ ಮೇಲೆ ಕೆಂಡದಂಥ ಕೋಪ ಬಂದಿತ್ತು. ಪೊಲೀಸರು ಬಂದಾಗ ನಾನು ಮಾತ್ರೆ ನುಂಗಿ ಸಾಮಾನು ಕೋಣೆಯಲ್ಲಿ ಬಿದ್ದಿದ್ದೆ. ಸಂಜೆ ಅವಳು ನಿನ್ನ ಕಾಗದವನ್ನು ನನ್ನ ಮುಖದ ಮುಂದೆ ಹಿಡಿದು ನಕ್ಕಳು. ಆಮೇಲೆ ಪೆನ್ನು, ಹಾಳೆ, ಚಪ್ಪಲಿ ಎಲ್ಲ ಹೋದವು. ಬೈಗುಳ ಮುಗಿಯಿತು.

ಕಿವಿಯವಳು ಹೊಸ ಬ್ಯಾಟರಿ ಹಾಕಿಕೊಟ್ಟಳು. ಒಂದು ತಿಂಗಳ ಮೇಲೆ ಮೊದಲು ಕೇಳಿಸಿದ್ದು ಇವಳ ಬಳೆ ಸದ್ದು. ಅತ್ತುಬಿಟ್ಟೆ. ಹೊರಗೆ ಹೋಗುವಾಗ ಬ್ಯಾಟರಿ ತೆಗೆದು ರವಿಕೆಯೊಳಗೆ ಇಟ್ಟುಕೊಳ್ಳುತ್ತೇನೆ, ಕೇಳಿಸದವಳ ಹಾಗೆ ಇರುತ್ತೇನೆ. ನನಗೆ ಹದಿನೆಂಟು ವರ್ಷದ ಹುಡುಗಿಯಷ್ಟು ಉಮೇದು ಬಂದಿದೆ.

ಏನು ಬೇಕು ಅಂದೆಯಲ್ಲ. ನಾನು ಮನೆ ಬಿಡುವುದಿಲ್ಲ, ಅವಳು ಬಿಡಬೇಕು. ಬಾಗಿಲು ಒಡೆಯಬಾರದು, ಬೀದಿಯಲ್ಲಿ ರಂಪ ಆಗಬಾರದು. ಮತ್ತೆ ನೀವು ಎಷ್ಟು ಜನವಾದರೂ ಸೇರಿ, ಏನಾದರೂ ಮಾತಾಡಿ, ಆದರೆ ನಾನಿಲ್ಲದ ಕಡೆ ನನ್ನ ಮಾತು ಬೇಡ. ಎಡಗಿವಿಯ ಪರೀಕ್ಷೆ ಬಾಕಿ ಇದೆ ಅಂತ ಇವಳು ಮುಂದಿನ ವಾರಕ್ಕೆ ಬರೆದುಕೊಡುತ್ತಿದ್ದಾಳೆ. ಎಡಗಿವಿ ಸತ್ತು ಆರು ವರ್ಷವಾಯಿತು, ಅದು ನಗುಮುಖಳಿಗೇನು ಗೊತ್ತು.

ಅತ್ತೆ


ಮೇ 23

ಚೂಟಿ,

ಇದನ್ನು ಮುಂದಿನ ಕೋಣೆಯಲ್ಲಿ ಕೂತು ಬರೆಯುತ್ತಿದ್ದೇನೆ. ನನ್ನ ಮುಂದಿನ ಕೋಣೆಯಲ್ಲಿ. ಆತುರಪಡಬೇಡ, ಕ್ರಮವಾಗಿ ಹೇಳುತ್ತೇನೆ.

ಮೊನ್ನೆ ಗುರುವಾರ ಹನ್ನೊಂದಕ್ಕೆ ಅವಳೇ ನನ್ನನ್ನು ಕರೆದುಕೊಂಡು ಹೋದಳು. ಹೊರಗಿನ ಬೆಂಚಿನಲ್ಲಿ ಕೂತು ಮ್ಯಾಗಜೀನ್ ತೆಗೆದಳು. ನಾನು ಒಳಗೆ ಹೋದರೆ ಉಸಿರಾಡಲು ಜಾಗವಿಲ್ಲ. ಒಬ್ಬರು ಕೂರುವ ಆ ಗೂಡಿನಲ್ಲಿ ಪೊಲೀಸಮ್ಮ ಸೀರೆಯುಟ್ಟು ರೋಗಿಯ ಹಾಗೆ ಬಂದಿದ್ದಾಳೆ, ವಸತಿ ಕಚೇರಿಯ ಗುಮಾಸ್ತ ಹೊಟ್ಟೆ ಒಳಗೆಳೆದುಕೊಂಡು ಗೋಡೆಗೆ ಅಂಟಿದ್ದಾನೆ, ನರ್ಸ್ ಇದ್ದಾಳೆ, ಗ್ರಂಥಾಲಯದಾಕೆ ನಾನು ಅರ್ಧ ಓದಿದ್ದ ಪುಸ್ತಕ ಹಿಡಿದುಕೊಂಡು ನಿಂತಿದ್ದಾಳೆ, ಕಿವಿಯವಳು ಯಂತ್ರದ ಮುಂದೆ. ನಾನು ಆರನೆಯವಳು. ಕುರ್ಚಿ ಒಂದೇ. ಎಲ್ಲರೂ ಸರಿದು ಅದನ್ನು ನನಗೆ ಬಿಟ್ಟರು.

ಪೊಲೀಸಮ್ಮ ನಿಧಾನವಾಗಿ, "ಮನೆ ಯಾರದು ಅಮ್ಮ? ಅವರು ಅಲ್ಲಿರೋದು ನಿಮಗೆ ಇಷ್ಟಾನಾ?" ಅಂದಳು. ನಾನು, "ಮನೆ ನಂದು. ಇಷ್ಟ ಇಲ್ಲ," ಅಂದೆ. ಎಷ್ಟು ಜೋರಾಗಿ ಅಂದೆನೋ, ಗುಮಾಸ್ತ ಬಿಟ್ಟ ಹೊಟ್ಟೆ ನರ್ಸಿಗೆ ತಗುಲಿತು. ಅವನು ಆ ಅರ್ಜಿ ಮುಂದಿಟ್ಟ. ನಿದ್ದೆಗಣ್ಣಿನಲ್ಲಿ ಹಾಕಿಸಿದ ಸಹಿ ಅಂದೆ, ಅದನ್ನು ನನ್ನ ಕೈಯಿಂದಲೇ ವಾಪಸ್ ಬರೆಸಿಕೊಂಡ. ನರ್ಸ್ ತೋಳು ಹಿಡಿದು ರಕ್ತ ತೆಗೆದಳು. ಮಾತ್ರೆ ಎರಡು ಪಾಲು ಹೋಗುತ್ತಿತ್ತಂತೆ.

ಬಾಗಿಲು ತೆರೆದು ಒಬ್ಬೊಬ್ಬರಾಗಿ ಹೊರಗೆ ಬಂದೆವು. ನಗುಮುಖಳ ನಗು ಮೂರನೆಯವರ ತನಕ ಇತ್ತು, ನಾಲ್ಕನೆಯವರಿಗೆ ನಿಂತಿತು. ಪೊಲೀಸಮ್ಮ ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡಿದಳು. ಕೀಲಿ ನನ್ನ ಕೈಗೆ ಬಂತು. ಸಂಜೆಯೊಳಗೆ ಪೆಟ್ಟಿಗೆಗಳೂ ಹೋದವು. ಕೇಸು ಬರೆದುಕೊಂಡಿದ್ದಾರೆ, ಬೀದಿಯಲ್ಲಿ ಒಂದು ಬಾಗಿಲೂ ತೆರೆಯಲಿಲ್ಲ.

ಇನ್ನೊಂದು ಮಾತು ಉಳಿದಿದೆ. ಪೊಲೀಸಮ್ಮ ಕೇಳಿದಳು, ಇದು ಸರಿಯಿಲ್ಲ ಅಂತ ನಿಮಗೆ ಯಾವಾಗ ಗೊತ್ತಾಯ್ತು ಅಂತ. ಸುಳ್ಳು ಹೇಳಬಹುದಿತ್ತು. ಎರಡನೆಯ ತಿಂಗಳಿಗೇ ಅಂದೆ. ಮತ್ತೆ ಯಾಕೆ ಸುಮ್ಮನಿದ್ದಿರಿ? ಅವಳು ಕಾಫಿ ಆಯ್ತಾ ಅಂತ ಕೇಳಿದ್ದಳು. ಆರು ವರ್ಷದಲ್ಲಿ ನನ್ನ ಎದುರು ಕೂತು ಅದನ್ನು ಯಾರೂ ಕೇಳಿರಲಿಲ್ಲ. ಒಂದು ಕೋಣೆ ಕೊಟ್ಟರೆ ಇನ್ನೂ ಸ್ವಲ್ಪ ದಿನ ಕೇಳುತ್ತಾಳೆ ಅನ್ನಿಸಿತು. ಹಾಗೇ ಮೂರೂ ಕೊಟ್ಟೆ. ನಿನಗೆ ರಾಣಿ ಅಂತ ಬರೆದೆ, ನಾಚಿಕೆಯಾಗಿತ್ತು ಕಣೇ.

ಅತ್ತೆ


ಜೂನ್ 1

ಪ್ರೀತಿಯ ಅತ್ತೆಗೆ,

ನಿಮ್ಮ ಕಾಗದವನ್ನು ಮಂಗಳವಾರ ಮೇಜಿನಲ್ಲಿ ಓದಿದೆ, ನೀವು ಒಪ್ಪುತ್ತೀರಿ ಅಂತ ತಿಳಿದು ಗೂಡಿನ ಭಾಗ ಮಾತ್ರ. ಇನ್ಸ್‌ಪೆಕ್ಟರ್ ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಈಗ ನಮ್ಮೂರಲ್ಲೂ ದಪ್ಪ ಬಾಗಿಲಿನ ಕೋಣೆ ಎಲ್ಲೆಲ್ಲಿದೆ ಅಂತ ಹುಡುಕುತ್ತಿದ್ದೇವೆ.

ಕೊನೆಯ ಭಾಗವನ್ನು ಒಬ್ಬಳೇ ಓದಿದೆ. ಜನವರಿಯಿಂದ ನಾನು ನಿಮಗೆ ಬರೆದದ್ದನ್ನು ನೆನಪಿಸಿಕೊಂಡೆ. ಪುಟಗಟ್ಟಲೆ ನನ್ನ ಮೇಜು, ನನ್ನ ಗೆಲುವು. ನಿಮ್ಮ ಬಗ್ಗೆ ಕೊನೆಯಲ್ಲಿ ಒಂದು ಸಾಲು, ಕೆಲವು ಸಲ ಅದೂ ಇಲ್ಲ. ಆರು ವರ್ಷ ನಾನು ಬರಲಿಲ್ಲ. ರಜೆ ಸಿಗಲಿಲ್ಲ ಅಂತ ಹೇಳುತ್ತಿದ್ದೆ, ಸಿಕ್ಕಿತ್ತು. ಇದನ್ನು ಬರೆಯಲು ನಾಲ್ಕು ಹಾಳೆ ಹರಿದೆ.

ನಿಮ್ಮೂರಿನವರು ಫೋನ್ ಮಾಡಿದ್ದರು. ಅವರೂ ಈಗ ಗುರುವಾರ ಗುರುವಾರ ಸೇರುತ್ತಾರಂತೆ. ನಿಮ್ಮ ಬಗ್ಗೆ ಒಬ್ಬೊಬ್ಬರದು ಒಂದೊಂದು ಸಲಹೆ. ಆರೈಕೆ ಮನೆ ಅಂತ ಒಬ್ಬರು, ಕೆಳಮಹಡಿಯ ಮನೆ ಅಂತ ಒಬ್ಬರು, ನನ್ನ ಜೊತೆಗೆ ಅಂತ ಇನ್ನೊಬ್ಬರು. ನನ್ನ ಬಾಯಿ ತುದಿಗೂ ಅದೇ ಬಂದಿತ್ತು, ಹಲ್ಲು ಕಚ್ಚಿ ನುಂಗಿಕೊಂಡೆ. ಇಪ್ಪತ್ತಕ್ಕೆ ರಜೆ ಹಾಕಿದ್ದೇನೆ, ಹತ್ತು ದಿನ. ಬರಲಾ? ಮುಂದೆ ನಿಮಗೆ ಏನು ಬೇಕು?

ಚೂಟಿ


ಜೂನ್ 9

ಚೂಟಿ,

ಬಾ. ಕೇಳುವುದೇನು ಅದನ್ನು. ಹತ್ತು ದಿನ ಸಾಲದು, ಹನ್ನೆರಡು ಮಾಡು.

ಏನು ಬೇಕು ಅಂತ ಕಳೆದ ಗುರುವಾರ ಎಲ್ಲರಿಗೂ ಒಟ್ಟಿಗೆ ಹೇಳಿದೆ. ಸಣ್ಣ ಕೋಣೆಗೆ ಇನ್ನೊಬ್ಬರು ಬೇಕು ಅಂದೆ. ಗುಮಾಸ್ತನ ಮುಖ ನೋಡಬೇಕಿತ್ತು ನೀನು. ನರ್ಸ್, "ಅಮ್ಮ, ಇಷ್ಟೆಲ್ಲ ಆದ್ಮೇಲೂನಾ?" ಅಂದಳು. ಇಷ್ಟೆಲ್ಲ ಆದ ಮೇಲೇ. ಒಂದು ಸಲ ತಪ್ಪು ಆರಿಸಿದೆ ಅಂತ ಇನ್ನು ನಾನು ಆರಿಸಲೇಬಾರದಾ? ಗೋಡೆ ನೋಡಿಕೊಂಡು ಕ್ಷೇಮವಾಗಿರುವುದಾದರೆ ನನಗೆ ಆ ಕ್ಷೇಮ ಬೇಡ. ಅರ್ಧ ಗಂಟೆ ವಾದ ಆಯಿತು, ಬಹಳ ಮಜಾ ಬಂತು. ಕೊನೆಗೆ ಒಪ್ಪಂದ ಏನೆಂದರೆ, ಬರುವವರ ಹಿಂದುಮುಂದು ಪೊಲೀಸಮ್ಮ ವಿಚಾರಿಸುತ್ತಾಳೆ. ಕರಾರು ಗುಮಾಸ್ತ ಬರೆಯುತ್ತಾನೆ. ಮಾತ್ರೆ ಪೆಟ್ಟಿಗೆ, ಪೋಸ್ಟಿನ ಕೀಲಿ ನನ್ನ ಹತ್ತಿರ. ಗುರುವಾರ ನಾನು ಅವರ ಜೊತೆ ಕೂರುತ್ತೇನೆ, ನನ್ನ ವಿಷಯಕ್ಕೆ ಮಾತ್ರ ಅಲ್ಲ, ಬೇರೆಯವರ ವಿಷಯಕ್ಕೂ. ಆರಿಸುವುದು ಮಾತ್ರ ನಾನೊಬ್ಬಳೇ.

ಮೂರು ಜನ ಕೇಳಿದ್ದಾರೆ. ಮೊದಲನೆಯವಳು ಬಸ್ ಕಂಡಕ್ಟರ್, ಇವತ್ತು ಹತ್ತು ಗಂಟೆಗೆ ಬರುತ್ತಾಳೆ. ನಗುತ್ತಾಳೋ ಇಲ್ಲವೋ ನೋಡುವುದಿಲ್ಲ, ನನ್ನ ಮಾತು ಮುಗಿಯುವ ತನಕ ಕಾಯುತ್ತಾಳಾ ಅಂತ ನೋಡುತ್ತೇನೆ. ಜೊತೆಗೆ ಇರುತ್ತೇನೆ ಅಂತ ಪೊಲೀಸಮ್ಮ ಒಂಬತ್ತೂವರೆಗೇ ಬಂದು ಸೋಫಾದಲ್ಲಿ ಕೂತಿದ್ದಾಳೆ. ನನಗಿಂತ ಅವಳಿಗೇ ಗಾಬರಿ. ನಾನೂ ಬೆಳಿಗ್ಗೆಯಿಂದ ಎರಡು ಸಲ ಸೀರೆ ಬದಲಾಯಿಸಿದ್ದೇನೆ, ಹೆದರಿಕೆಯೋ ಸಂತೋಷವೋ ಗೊತ್ತಾಗುತ್ತಿಲ್ಲ.

ಇಲ್ಲಿಯ ಅಗ್ನಿಶಾಮಕ ಠಾಣೆಯವರು ನಿನ್ನೆ ಗೋಡೆಗೆ ಒಂದು ಕೆಂಪು ದೀಪ ಹಾಕಿಕೊಟ್ಟಿದ್ದಾರೆ. ಯಾರಾದರೂ ಬೆಲ್ ಒತ್ತಿದರೆ ಅದು ಮಿಣಮಿಣ ಅನ್ನುತ್ತೆ. ಈಗ ಅನ್ನುತ್ತಿದೆ. ಪೊಲೀಸಮ್ಮ ಎದ್ದಳು, ಕೂರಮ್ಮ ಅಂತ ಕೈ ಮಾಡಿದ್ದೇನೆ. ಪೆನ್ನು ಕೆಳಗಿಡುತ್ತೇನೆ ಚೂಟಿ, ಹೋಗಿ ಬಾಗಿಲು ತೆಗೆಯಬೇಕು.